ಕಡಲು ಒಯ್ದದ್ದು, ಕ್ಯಾಮೆರಾ ಉಳಿಸಿದ್ದು

ಥಾಮಸ್ ರೀಡೆಲ್‌ಶೈಮರ್ ಅವರ 2001ರ ಸಾಕ್ಷ್ಯಚಿತ್ರ ‘ರಿವರ್ಸ್ ಅಂಡ್ ಟೈಡ್ಸ್’ ನೋಡಿದ್ದೀರಾ? ಕೆನಡಾದ ನೋವಾ ಸ್ಕಾಟಿಯಾದಲ್ಲಿ, ನದಿ ಕಡಲು ಸೇರುವಲ್ಲಿ, ಶಿಲ್ಪಿ ಆಂಡಿ ಗೋಲ್ಡ್ಸ್‌ವರ್ದಿ ತೇಲಿಬಂದ ಕಟ್ಟಿಗೆಯಿಂದ ಗುಮ್ಮಟ ಕಟ್ಟುತ್ತಾರೆ. ಉಬ್ಬರ ಅದನ್ನು ಎತ್ತಿ, ತಿರುಗಿಸುತ್ತಾ ಒಯ್ಯುತ್ತದೆ. ನಾಶ ಅನಿಸೋದಿಲ್ಲ, ಕೆಲಸ ಪೂರ್ತಿಯಾದ ಹಾಗೆ ಕಾಣುತ್ತೆ.

ಆದರೆ ಒಂದು ಪ್ರಶ್ನೆ ಕೇಳಲೇಬೇಕು. ಅಳಿಯಲಿ ಅಂತ ಕಟ್ಟಿದ್ದನ್ನು ಫೋಟೊ ತೆಗೆದು ಪುಸ್ತಕ ಮಾಡೋದು ಯಾಕೆ? ಫೋಟೊ ಇಲ್ಲದಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ, ನಿಜ. ಆದರೂ ಫೋಟೊದಲ್ಲಿ ಉಳಿಯುವುದು ಹೆಚ್ಚಾಗಿ ಗೆದ್ದ ಗಳಿಗೆಯೇ. ಸಿನಿಮಾದಲ್ಲಿ ಬೀಜದಾಕಾರದಲ್ಲಿ ಪೇರಿಸಿದ ಕಲ್ಲು ಮತ್ತೆ ಮತ್ತೆ ಕುಸಿಯುತ್ತೆ. ಉಬ್ಬರ ಹತ್ತಿರ ಬರುತ್ತಿದ್ದರೂ ಅವರು ಮತ್ತೆ ಕೂತು ಜೋಡಿಸ್ತಾರೆ. ನನಗೆ ದೊಡ್ಡದು ಅನಿಸಿದ್ದು ಅದೇ. ವಿದ್ಯಾರ್ಥಿಗಳೇ, ಚಂದದ ಫೋಟೊಗಳಿಗಿಂತ ಮೊದಲು ಆ ಕುಸಿತ ನೋಡಿ.