ಕೈ ತೋಯಿಸಿಕೊಂಡವನು

ಅರ್ನೆಸ್ಟ್ ಹೆಮಿಂಗ್ವೆಯ 'ಬಿಗ್ ಟೂ-ಹಾರ್ಟೆಡ್ ರಿವರ್' ಕತೆಯನ್ನು ನಾನು ಮೊದಲು ಓದಿದ್ದು ಅಂದೋಲಾದ ನಮ್ಮ ಮನೆಯ ಪಡಸಾಲೆಯಲ್ಲಿ, ಒಂದು ಮೇ ತಿಂಗಳ ಮಧ್ಯಾಹ್ನ. ಹೊರಗೆ ಕೆಂಡದಂಥ ಬಿಸಿಲು. ತೊಗರಿ ಕಿತ್ತ ಎರೆಹೊಲಗಳು ಬಾಯಿಬಿಟ್ಟುಕೊಂಡು ಬಿದ್ದಿದ್ದವು. ಕತೆಯಲ್ಲಿ ಒಬ್ಬ ಯುವಕ ಕೊರೆಯುವ ನೀರಿನ ಹೊಳೆಯಲ್ಲಿ ಇಳಿದು ನಿಂತು ಮೀನು ಹಿಡಿಯುತ್ತಿದ್ದ. ಇದಕ್ಕೂ ನನಗೂ ಏನು ಸಂಬಂಧ ಎಂದು ಪುಸ್ತಕ ಮುಚ್ಚಿಟ್ಟೆ. ಆಮೇಲೆ ಎಷ್ಟೋ ವರ್ಷ ಆ ಕತೆಯ ಬಗ್ಗೆ ನಾನು ಆಡಿದ ಮಾತೆಲ್ಲ ಆ ಮಧ್ಯಾಹ್ನದ ಸೆಕೆಯಲ್ಲಿ ಹುಟ್ಟಿದ್ದೇ. ಅದನ್ನು ತಿದ್ದಿಕೊಳ್ಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಕತೆ 1925ರದು. ಅದರಲ್ಲಿ ಘಟನೆಗಳೆಂಬುದು ಬಹಳ ಕಡಿಮೆ. ನಿಕ್ ಎಂಬ ಯುವಕ ಅಮೆರಿಕದ ಉತ್ತರಕ್ಕಿರುವ ಮಿಶಿಗನ್ ರಾಜ್ಯದ ಸೀನೀ ಎಂಬ ಊರಿನಲ್ಲಿ ರೈಲು ಇಳಿಯುತ್ತಾನೆ. ಊರು ಸುಟ್ಟುಹೋಗಿದೆ. ಸುತ್ತಲಿನ ನೆಲವೂ ಕರಕಲಾಗಿದೆ. ಅಲ್ಲಿನ ಮಿಡತೆಗಳು ಸಹ ಕಪ್ಪಾಗಿವೆ. ಸೇತುವೆಯ ಮೇಲೆ ನಿಂತು ಕೆಳಗಿನ ನೀರಿನಲ್ಲಿ ಟ್ರೌಟ್ ಮೀನುಗಳನ್ನು ನೋಡುತ್ತಾನೆ. ಭಾರದ ಗಂಟು ಹೊತ್ತು ನಡೆದು, ಡೇರೆ ಹಾಕಿ, ಡಬ್ಬಿಯ ಊಟ ಬಿಸಿ ಮಾಡಿಕೊಂಡು ಉಂಡು ಮಲಗುತ್ತಾನೆ. ಮರುದಿನ ಬೆಳಿಗ್ಗೆ, ಇಬ್ಬನಿಗೆ ತೊಯ್ದು ಹಾರಲಾರದ ಮಿಡತೆಗಳನ್ನು ಬಾಟಲಿಗೆ ತುಂಬಿಕೊಂಡು ಹೊಳೆಗಿಳಿಯುತ್ತಾನೆ. ಸಣ್ಣ ಮೀನನ್ನು ಬಿಟ್ಟುಬಿಡುತ್ತಾನೆ. ದೊಡ್ಡದೊಂದು ಗಾಳದ ಎಳೆ ಹರಿದುಕೊಂಡು ಹೋಗುತ್ತದೆ. ಕಡೆಗೆ ಎರಡು ಸಿಗುತ್ತವೆ. ಹೊಳೆ ಮುಂದೆ ಜೌಗಿನೊಳಗೆ ಹೊಗುತ್ತದೆ. ಅಲ್ಲಿಗೆ ಇವತ್ತು ಹೋಗುವುದು ಬೇಡ, ಮುಂದೆ ಬೇಕಾದಷ್ಟು ದಿನಗಳಿವೆ ಎಂದುಕೊಂಡು ಹಿಂದಿರುಗುತ್ತಾನೆ. ಇಷ್ಟೇ ಕತೆ.

ಬಂಡಾಯದ ಮಾತುಗಳು ಕಿವಿ ತುಂಬಿದ್ದ ಕಾಲದಲ್ಲಿ ನನಗಿದು ಹೊಟ್ಟೆ ತುಂಬಿದವನ ಕತೆಯಾಗಿ ಕಂಡಿತು. ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುವವನು ಹಸಿದವನಲ್ಲ. ಭೀಮಾ ದಂಡೆಯಲ್ಲಿ ಬಲೆ ಬೀಸುವವರಿಗೆ ಮೀನು ಆ ಸಂಜೆಯ ಹಿಟ್ಟು, ಎಣ್ಣೆ. ಗಾಳ ಹಾಕುವುದು ಆಟವಾದಾಗ ಅದರ ಬಗ್ಗೆ ಬರೆದದ್ದೂ ಆಟವೇ. ಹೀಗೆಂದು ಒಂದೆರಡು ಸಭೆಗಳಲ್ಲಿ ಹೇಳಿದೆ, ಚಪ್ಪಾಳೆಯೂ ಬಿತ್ತು.

1996ರಲ್ಲಿ ಪದವಿ ತರಗತಿಯೊಂದರಲ್ಲಿ ಇದೇ ಮಾತನ್ನು ಹೇಳುವುದಕ್ಕಾಗಿಯೇ ಕತೆಯನ್ನು ಕನ್ನಡದಲ್ಲಿ ಹೇಳಿದೆ. ಟ್ರೌಟ್ ಎಂಬಲ್ಲಿ 'ಒಂದು ಜಾತಿಯ ಮೀನು' ಎಂದುಬಿಟ್ಟೆ. ನಿಕ್ ಸಣ್ಣ ಮೀನನ್ನು ಬಿಡುವ ಮೊದಲು ತನ್ನ ಕೈಯನ್ನು ನೀರಿನಲ್ಲಿ ತೋಯಿಸಿಕೊಳ್ಳುತ್ತಾನೆ. ಇದನ್ನು ಹೇಳಿ, ನೋಡಿ ಎಂಥ ನಾಜೂಕು ಎಂದು ನಕ್ಕೆ. ಹುಡುಗರೂ ನಕ್ಕರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ಒಬ್ಬ ನಗಲಿಲ್ಲ. ಭೀಮಾ ದಂಡೆಯ ಹಳ್ಳಿಯವನು, ಅಂಬಿಗರ ಮನೆಯ ಹುಡುಗ.

"ಕೈ ತೊಯಿಸ್ಕೊಂಡು ಮುಟ್ಯಾನಂದ್ರ ಅಂವಾ ಮೀನ ಬಲ್ಲಾಂವ ಅದಾನ್ರಿ ಸರ. ನಮ್ಮಪ್ಪನೂ ಕೆರಿಗಿ ಮೀನಮರಿ ಬಿಡೂವಾಗ ಹಂಗೇ ಮಾಡ್ತಾನ್ರಿ. ಒಣಗೈಲೆ ಮುಟ್ಟಿದ್ರ ಮೈಮ್ಯಾಲಿನ ಲೋಳಿ ಹೋಗ್ತದ್ರಿ. ಆಮ್ಯಾಲೆ ಬೂಸರು ಹಿಡದು ಸಾಯ್ತದ್ರಿ."

ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಏಕೆಂದರೆ ಕತೆಯಲ್ಲೂ ಇದೇ ಇದೆ. ಒಣಗೈ ತಾಗಿದ ಜಾಗಕ್ಕೆ ಬಿಳಿಯ ಬೂಸರು ಹತ್ತುತ್ತದೆ ಎಂಬುದನ್ನೂ, ಜನ ಕಿಕ್ಕಿರಿದ ಹೊಳೆಗಳಲ್ಲಿ ಹಾಗೆ ಸತ್ತ ಮೀನುಗಳನ್ನು ತಾನು ಕಂಡದ್ದನ್ನೂ ನಿಕ್ ನೆನೆಯುತ್ತಾನೆ. ನಾನು ಆ ವಾಕ್ಯಗಳನ್ನು ಓದಿದ್ದೆ, ಆದರೆ ಲೆಕ್ಕಕ್ಕೆ ಹಿಡಿದಿರಲಿಲ್ಲ. ಶರಣರ ನಡುವೆ ಅಂಬಿಗರ ಚೌಡಯ್ಯ ತನ್ನ ಕಸುಬಿನ ಹೆಸರನ್ನೇ ವಚನಗಳ ಅಂಕಿತ ಮಾಡಿಕೊಂಡ ಎಂದು ಅದೇ ತರಗತಿಗೆ ಅಭಿಮಾನದಿಂದ ಪಾಠ ಮಾಡಿದವನು ನಾನು. ಎದುರಿಗೇ ಕೂತಿದ್ದ ಅಂಬಿಗನನ್ನು ಮಾತ್ರ ಏನೂ ಕೇಳಿರಲಿಲ್ಲ.

ಆ ದಿನದಿಂದ ಕತೆಯನ್ನು ಮತ್ತೆ ಓದತೊಡಗಿದೆ. ಮೊದಲು ತಿಳಿದುಕೊಂಡದ್ದು ಮೀನನ್ನು. ಆ ಸೀಮೆಯ ಹೊಳೆಗಳಿಗೆ ಮೂಲದಿಂದಲೂ ಸೇರಿದ್ದು ಬ್ರೂಕ್ ಟ್ರೌಟ್. ಬೆನ್ನಿನ ಮೇಲೆ ಹುಳು ಹರಿದಂಥ ಗೆರೆಗಳು, ಪಕ್ಕೆಯಲ್ಲಿ ನೀಲಿ ಬಳೆಯೊಳಗಿನ ಕೆಂಪು ಚುಕ್ಕೆಗಳು, ಕೆಳಗಿನ ರೆಕ್ಕೆಗಳಿಗೆ ಬಿಳಿಯ ಅಂಚು. ನೀರು 20 ಡಿಗ್ರಿ ದಾಟಿದರೆ ಅದಕ್ಕೆ ಸಂಕಟ ಶುರು. ತಣ್ಣೀರಿನಲ್ಲಿ ಪ್ರಾಣವಾಯು ಹೆಚ್ಚು ಕರಗುತ್ತದೆ: 10 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಸುಮಾರು 11 ಮಿಲಿಗ್ರಾಂ, 30 ಡಿಗ್ರಿಯಲ್ಲಿ ಸುಮಾರು ಏಳೂವರೆ. ನಮ್ಮ ಬೇಸಿಗೆಯ ಮಡುಗಳಲ್ಲಿ ಹಾವಿನ ತಲೆಯಂಥ ತಲೆಯ ಮೀನೊಂದಿದೆ. ಅದು ಮೇಲೆ ಬಂದು ಬಾಯಿಂದ ಗಾಳಿ ಎಳೆದುಕೊಂಡು ಬದುಕುತ್ತದೆ. ಟ್ರೌಟಿಗೆ ಆ ಉಪಾಯವಿಲ್ಲ. ನಮಗೆ ಹತ್ತಿರದ ಟ್ರೌಟ್ ಎಂದರೆ ನೀಲಗಿರಿಯದು. ಅದು ಬ್ರಿಟಿಷರು ತಂದು ಬಿಟ್ಟ ಬೇರೊಂದು ಜಾತಿ, ಅದೂ ಬೆಟ್ಟದ ತಂಪಿನಲ್ಲಿ ಮಾತ್ರ ಉಳಿದದ್ದು.

ಇದು ತಿಳಿದ ಮೇಲೆ ಸೇತುವೆಯ ದೃಶ್ಯದ ಅರ್ಥವೇ ಬೇರೆಯಾಯಿತು. ಊರು ಸುಟ್ಟಿದೆ, ನೆಲ ಸುಟ್ಟಿದೆ. ಆದರೆ ನೀರಿನಲ್ಲಿ ಟ್ರೌಟ್ ಇದೆ ಎಂದರೆ ನೀರು ಇನ್ನೂ ತಣ್ಣಗಿದೆ, ಹೊಳೆ ಕೆಟ್ಟಿಲ್ಲ. ನಿಕ್ ಅಷ್ಟು ಹೊತ್ತು ಬಗ್ಗಿ ನೋಡುವುದು ಇದನ್ನೇ. 'ಒಂದು ಜಾತಿಯ ಮೀನು' ಎಂದಾಗ ನಾನು ಕತೆಯ ನಾಡಿಯನ್ನೇ ಕತ್ತರಿಸಿದ್ದೆ.

ಕತೆಯಲ್ಲಿ ಎಲ್ಲಿಯೂ ಬಾರದ ಯುದ್ಧದ ಮಾತು ಇಲ್ಲಿಗೆ ಸೇರುತ್ತದೆ. ಹೆಮಿಂಗ್ವೆ 1918ರ ಜುಲೈಯಲ್ಲಿ ಇಟಲಿಯ ರಣರಂಗದಲ್ಲಿ ಗಾಯಗೊಂಡ. ಮರುವರ್ಷ ಗೆಳೆಯರೊಡನೆ ಸೀನೀಗೆ ಮೀನು ಹಿಡಿಯಲು ಹೋದ. ಅಲ್ಲಿ ಹರಿಯುವುದು ಫಾಕ್ಸ್ ನದಿ. ಟೂ-ಹಾರ್ಟೆಡ್ ಇರುವುದು ಇನ್ನೂ ಉತ್ತರಕ್ಕೆ. ಚಂದದ ಹೆಸರೆಂದು ಅದನ್ನು ತೆಗೆದುಕೊಂಡ. ಇದು ಯುದ್ಧದಿಂದ ಮರಳಿದವನ ಕತೆ, ಆದರೆ ಯುದ್ಧದ ಹೆಸರೆತ್ತಿಲ್ಲ ಎಂಬುದನ್ನು ಅವನ ಮರಣಾನಂತರ 1964ರಲ್ಲಿ ಬಂದ ನೆನಪುಗಳ ಪುಸ್ತಕದಲ್ಲಿ ಅವನೇ ಹೇಳಿಕೊಂಡಿದ್ದಾನೆ. ಹಾಗಾದರೆ ಡೇರೆಯ ಗೂಟ, ಕಾಫಿಯ ಪಾತ್ರೆ, ಬಾಟಲಿಯ ಮಿಡತೆ, ಇವುಗಳ ಮೇಲಿನ ಅಷ್ಟೊಂದು ನಿಗಾ ನಾಜೂಕಲ್ಲ. ಬಾಣಂತಿ ಮೊದಲ ಸಲ ಹೊರಬಂದು ಹೆಜ್ಜೆ ನೋಡಿ ಇಡುವ ಹಾಗೆ, ಅವನು ಒಂದೊಂದು ಕೆಲಸವನ್ನೂ ನೋಡಿ ಮಾಡುತ್ತಾನೆ. ತೋಯಿಸಿಕೊಂಡ ಕೈಯೂ ಅದರಲ್ಲೊಂದು. ಕೊಲ್ಲುವುದನ್ನು ಕಂಡು ಬಂದವನು, ಬಿಡುವ ಜೀವ ನಿಜವಾಗಿ ಬದುಕಲಿ ಎಂದು ಎಚ್ಚರ ವಹಿಸುತ್ತಾನೆ.

ಹಾಗೆಂದು ನನ್ನ ಹಳೆಯ ತಕರಾರು ಪೂರ್ತಿ ಸುಳ್ಳೆಂದು ಈಗಲೂ ಅನ್ನಿಸುವುದಿಲ್ಲ. ಅದನ್ನು ನನಗಿಂತ ಸರಿಯಾಗಿ ಹೇಳಿದವನೂ ಆ ಹುಡುಗನೇ. ತರಗತಿ ಮುಗಿದ ಮೇಲೆ ಹೊರಗೆ ಸಿಕ್ಕು, ಕತೆಯ ಕೊನೆಯ ಬಗ್ಗೆ ಅಂದ: "ನಾಳಿ ಹೊಳಿ ಇರ್ತದ ಅನ್ನೂ ಭರೋಸಾ ಇದ್ದಾಂವಾ ಇವತ್ತು ಬಿಟ್ಟು ಬರ್ತಾನ್ರಿ ಸರ. ನಮಗ ಯಾರು ಕೊಟ್ಟಾರ್ರಿ ಭರೋಸಾ?"

ಇದಕ್ಕೆ ಕತೆಯಲ್ಲಿ ಅರ್ಧ ಉತ್ತರವಿದೆ. ಊರಿಗೆ ಊರೇ ಇಲ್ಲವಾದದ್ದನ್ನು ಕಂಡೇ ನಿಕ್ ಹೊಳೆಗೆ ಬಂದದ್ದು. ಮುಂದೆ ದಿನಗಳಿವೆ ಎಂಬುದು ಅವನಿಗೂ ತಾನಾಗಿ ಸಿಕ್ಕ ಧೈರ್ಯವಲ್ಲ. ಅದನ್ನು ಅವನು ಹೇಳಿ ಹೇಳಿ ರೂಢಿಸಿಕೊಳ್ಳುತ್ತಿದ್ದಾನೆ. ಉಳಿದರ್ಧಕ್ಕೆ ಉತ್ತರವಿಲ್ಲ. ಆ ಹೊಳೆಯ ದಂಡೆಯಲ್ಲಿ ಹೊಟ್ಟೆಪಾಡಿಗಾಗಿ ಮೀನು ಹಿಡಿಯುವ ಒಬ್ಬನೂ ಕಾಣುವುದಿಲ್ಲ. ಆ ಸೀಮೆ ಒಜಿಬ್ವೆ ಜನರದು. ಅದೇ ಸಂಕಲನದ 'ಇಂಡಿಯನ್ ಕ್ಯಾಂಪ್'ನಲ್ಲಿ ಮೂಲನಿವಾಸಿಗಳು ಬರುತ್ತಾರೆ, ಈ ಹೊಳೆಯ ಬಳಿ ಬರುವುದಿಲ್ಲ. ಪೈನ್ ಕಾಡುಗಳನ್ನು ಮರದ ವ್ಯಾಪಾರಕ್ಕಾಗಿ ಕಡಿದು ಬರಿದು ಮಾಡಿದವರೂ ಬರುವುದಿಲ್ಲ. ಗ್ರೇಲಿಂಗ್ ಎಂಬ ಇನ್ನೊಂದು ತಣ್ಣೀರ ಮೀನು 1930ರ ದಶಕದಲ್ಲಿ ಮಿಶಿಗನ್ನಿನಿಂದ ಅಳಿದೇಹೋಯಿತು. ಕಾಡು ಕಡಿದದ್ದೂ ಮಿತಿಯಿಲ್ಲದೆ ಹಿಡಿದದ್ದೂ ಅದಕ್ಕೆ ಕಾರಣ. ನಾಳೆ ಹೊಳೆ ಇರುತ್ತದೆಂಬ ಭರವಸೆ ಅಲ್ಲಿಯೂ ಎಲ್ಲರಿಗೂ ಇರಲಿಲ್ಲ. ಜನರನ್ನು ದೂರವಿಟ್ಟಿದ್ದರಿಂದಲೇ ಕತೆಗೆ ಆ ಶಾಂತಿ ದಕ್ಕಿದೆ. ಅದು ಅದರ ಬಲ, ಮಿತಿಯೂ ಅದೇ.

ಭೀಮೆಯ ಮಾತು ಬೇರೆ. 1980ರಲ್ಲಿ ಮುಗಿದ ಉಜನಿ ಅಣೆಕಟ್ಟು ಮೇಲೆ ಮಹಾರಾಷ್ಟ್ರದಲ್ಲಿದೆ. ಬೇಸಿಗೆಯಲ್ಲಿ ಕಟ್ಟಿ ಸಂಗಾವಿಯ ಸೇತುವೆಯ ಮೇಲೆ ನಿಂತು ಬಗ್ಗಿ ನೋಡಿದರೆ ಎಷ್ಟೋ ವರ್ಷ ನೀರಿಗಿಂತ ಬಂಡೆಯೇ ಹೆಚ್ಚು ಕಾಣುತ್ತದೆ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರಿಗೆ ಗಾಳದ ಹುಚ್ಚಿತ್ತು. ಮಲೆನಾಡಿನ ಹೊಳೆಯ ಬಗ್ಗೆ ಕನ್ನಡದಲ್ಲಿ ಓದುವುದಕ್ಕೆ ಬೇಕಾದಷ್ಟಿದೆ. ಈ ಬಂಡೆಗಳ ನಡುವಿನ ಮಡುವಿನಲ್ಲಿ ಬಲೆ ಬೀಸುವವನ ತಿಳಿವಳಿಕೆಯನ್ನು ಹೆಮಿಂಗ್ವೆಯಷ್ಟು ನಿಗಾ ಇಟ್ಟು ಬರೆದದ್ದನ್ನು ನಾನು ಓದಬೇಕೆಂದಿದ್ದೇನೆ. ಅದನ್ನು ಬರೆಯಬಲ್ಲವನು ನನ್ನ ಹಿಂದಿನ ಬೆಂಚಿನಲ್ಲಿ ಕೂತಿದ್ದ. ನಾನು ಬರೆ ಎಂದು ಹೇಳಲಿಲ್ಲ.

ಆಮೇಲೆ ಎಷ್ಟೋ ತರಗತಿಗಳಿಗೆ ಈ ಕತೆಯನ್ನು ಹೇಳಿದೆ. ಟ್ರೌಟ್ ಎಂಬಲ್ಲಿ ಟ್ರೌಟ್ ಎಂದೇ ಅಂದು, ಮೊದಲು ತಣ್ಣೀರಿನ ಲೆಕ್ಕ ಹೇಳುತ್ತಿದ್ದೆ. ಕೈ ತೋಯಿಸಿಕೊಳ್ಳುವ ಜಾಗ ಬಂದಾಗ ನಿಲ್ಲಿಸಿ, ಹೊಳೆದಂಡೆಯ ಊರಿನವರು ಯಾರಾದರೂ ಇದ್ದೀರಾ, ಇವನು ಹೀಗೇಕೆ ಮಾಡಿದ ಹೇಳಿ, ಎಂದು ಕೇಳುತ್ತಿದ್ದೆ.