ಷೂಬರ್ಟನ ಶಿಕ್ಷಣವೂ ರಚನಾಕ್ರಮವೂ

ವಿಯೆನ್ನಾ ನಗರದ ಸಂಗೀತಕರ್ತೃವಾದ ಫ್ರಾನ್ಸ್ ಷೂಬರ್ಟನ (1797–1828) ವಿಷಯದಲ್ಲಿ ವಿದ್ವಾಂಸರೊಳಗೆ ಎರಡು ಪಕ್ಷಗಳುಂಟು. ಆತನು ಶಾಸ್ತ್ರದ ಹಂಗಿಲ್ಲದೆ ಆವೇಶವಶನಾಗಿ ಹಾಡು ಕಟ್ಟಿದವನೆಂಬುದು ಒಂದು. ಬರೆದು, ತಿದ್ದಿ, ಮತ್ತೆ ಬರೆದ ಪರಿಶ್ರಮಿಯೆಂಬುದು ಇನ್ನೊಂದು.

ಮೊದಲನೆಯ ಪಕ್ಷಕ್ಕೆ ಮಿತ್ರರ ಮಾತುಗಳೇ ಆಧಾರ. ಗಾಯಕನಾದ ಫೋಗಲನು ಷೂಬರ್ಟನ ರಚನೆಯು ದಿವ್ಯದೃಷ್ಟಿಯ ಸ್ಥಿತಿಯಲ್ಲಿ ಹುಟ್ಟುವುದೆಂದು ನಂಬಿದ್ದನು. 1815ರಲ್ಲಿ ಗಯಟೆಯ 'ಎರ್ಲ್‌ಕ್ಯೋನಿಗ್' ಕವಿತೆಯನ್ನು ಓದುತ್ತ ಅಡ್ಡಾಡುತ್ತಿದ್ದವನು ತಟ್ಟನೆ ಕುಳಿತು ಅದಕ್ಕೆ ಸಂಗೀತವನ್ನು ಬರೆದು ಮುಗಿಸಿದನೆಂದು ಸ್ಪೌನನು ಬಹುಕಾಲದ ಮೇಲೆ ಬರೆದಿಟ್ಟನು. ಆ ಒಂದು ವರ್ಷದಲ್ಲಿಯೇ ಸುಮಾರು 140 ಗೀತಗಳು ಹುಟ್ಟಿರುವುದರಿಂದ ಅವನ ವೇಗವನ್ನು ಶಂಕಿಸಲಾಗದು. ಆದರೆ ವೇಗವು ಶಿಕ್ಷಣದ ಅಭಾವಕ್ಕೆ ಸಾಕ್ಷಿಯಾಗಲಾರದು. 1808ರಲ್ಲಿ ಆಸ್ಥಾನದ ಗಾಯಕಬಾಲಕರ ಗುಂಪನ್ನು ಸೇರಿದ ಷೂಬರ್ಟನು 1812ರಿಂದ ಸಾಲಿಯೇರಿಯಲ್ಲಿ ಕೌಂಟರ್‌ಪಾಯಿಂಟನ್ನು, ಎಂದರೆ ಸ್ವತಂತ್ರ ಸ್ವರಪಂಕ್ತಿಗಳನ್ನು ಒಂದರೊಡನೊಂದು ಹೊಂದಿಸುವ ಶಾಸ್ತ್ರವನ್ನು, ಕಲಿತನು. ಗುರುವಿನ ತಿದ್ದುಪಾಡುಗಳುಳ್ಳ ಅಭ್ಯಾಸಪತ್ರಗಳು ಉಳಿದುಬಂದಿವೆ.

ಎರಡನೆಯ ಪಕ್ಷದವರು ಹಸ್ತಪ್ರತಿಗಳನ್ನು ಮುಂದಿಡುವರು. ಇಲ್ಲಿಯೂ ಎಚ್ಚರಿಕೆ ಬೇಕು. 'ಎರ್ಲ್‌ಕ್ಯೋನಿಗ್' ಗೀತಕ್ಕೆ ನಾಲ್ಕು ಪಾಠಗಳಿದ್ದರೂ ಅವು ಒಂದರಿಂದೊಂದು ಉತ್ತಮಗೊಂಡ ಮೆಟ್ಟಿಲುಗಳಲ್ಲ. 1816ರಲ್ಲಿ ಗಯಟೆಗೆ ಕಳುಹಿಸಿದ ಪ್ರತಿಯಲ್ಲಿ ಪಿಯಾನೋವಿನ ಭಾಗವು ಸುಲಭಗೊಂಡಿದೆ; 1821ರ ಮುದ್ರಿತ ಪಾಠದಲ್ಲಿ ಹಳೆಯ ಕಾಠಿನ್ಯವೇ ಮರಳಿದೆ. ಆದುದರಿಂದ ಪಾಠಭೇದವೆಲ್ಲವೂ ಪರಿಷ್ಕರಣವಲ್ಲ. ದೃಢತರವಾದ ಪ್ರಮಾಣವು 1828ರ ಕೊನೆಯ ಮೂರು ಪಿಯಾನೋ ಸೊನಾಟಗಳಲ್ಲಿ ದೊರೆಯುತ್ತದೆ. ಕರಡುಗಳೊಡನೆ ಶುದ್ಧಪ್ರತಿಗಳನ್ನು ಹೋಲಿಸಿದರೆ ಭಾಗಗಳು ವಿಸ್ತಾರಗೊಂಡಿರುವುದೂ ನಡುನಡುವೆ ಮೌನದ ವಿರಾಮಗಳು ಸೇರಿರುವುದೂ ಕಾಣುತ್ತದೆ. ಕೇಳುವವರಿಗೆ ತಾನಾಗಿ ಒದಗಿದಂತೆ ತೋರುವ ಆ ಮೌನವು ಆಲೋಚನೆಯ ಫಲ.

1828ರ ನವೆಂಬರ್ 4ರಂದು ಷೂಬರ್ಟನು ಸೆಖ್ಟರನ ಬಳಿ ಕೌಂಟರ್‌ಪಾಯಿಂಟಿನ ಪಾಠಕ್ಕೆ ಹೋದನು, 19ರಂದು ಮೃತನಾದನು. ಇದನ್ನು ಕೆಲವರು ನ್ಯೂನತೆಯ ಒಪ್ಪಿಗೆಯೆಂದೆಣಿಸಿದರು. ಆದರೆ ಅದೇ ವರ್ಷದ ಎಫ್ ಮೈನರ್ ಫ್ಯಾಂಟಸಿಯ ಕೊನೆಯಲ್ಲಿಯೂ ಇ ಫ್ಲ್ಯಾಟ್ ಮಾಸಿನಲ್ಲಿಯೂ ಆ ಶಾಸ್ತ್ರದ ಪ್ರೌಢರೂಪವಾದ ಫ್ಯೂಗನ್ನು ಅವನು ಆಗಲೇ ರಚಿಸಿದ್ದನು. ಅರಿಯದವನ ಸಂಕೋಚಕ್ಕಿಂತ ಅರಿತವನ ಹಸಿವೇ ಇಲ್ಲಿ ಹೆಚ್ಚಾಗಿ ತೋರುತ್ತದೆ.

ಆಲಂಕಾರಿಕನಾದ ಮಮ್ಮಟನು ಶಕ್ತಿ, ನಿಪುಣತೆ, ಅಭ್ಯಾಸ ಇವು ಮೂರೂ ಕೂಡಿ ಕಾವ್ಯಕ್ಕೆ ಒಂದೇ ಹೇತುವೆಂದನು, ಮೂರು ಹೇತುಗಳೆನ್ನಲಿಲ್ಲ. ಷೂಬರ್ಟನ ಮಿತ್ರರು ಕಂಡುದು ಶಕ್ತಿಯನ್ನು. ಅವನ ಕಾಗದಗಳು ಕಾಪಾಡಿದುದು ಅಭ್ಯಾಸವನ್ನು. ಒಂದನ್ನು ಹಿಡಿದು ಇನ್ನೊಂದನ್ನು ಅಲ್ಲಗಳೆಯುವ ವಿಮರ್ಶೆಯು ಅರ್ಧ ಸಾಕ್ಷಿಯನ್ನು ಕೇಳಿ ತೀರ್ಪಿತ್ತಂತಾಗುವುದು.