ಗಣಿಯ ಲೆಕ್ಕ ಸಿಕ್ಕಿತು, ಊರಿನ ಲೆಕ್ಕ?

ಸಂಡೂರು–ಹೊಸಪೇಟೆ ಸೀಮೆಯ ಅಕ್ರಮ ಗಣಿಗಾರಿಕೆಯ ವಿರುದ್ಧ ನಡೆದ ಹೋರಾಟ, ಕರ್ನಾಟಕದಲ್ಲಿ ಜನರೇ ಸರ್ಕಾರದಿಂದ ಲೆಕ್ಕ ಕೇಳಿ ಗೆದ್ದ ಅಪರೂಪದ ಪ್ರಕರಣ. ಸಾಮಾಜಿಕ ಹೋರಾಟಗಾರ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಸಂಡೂರಿನ ಜನಸಂಗ್ರಾಮ ಪರಿಷತ್ ಊರೂರಲ್ಲಿ ದನಿಯೆತ್ತಿತು. ಈ ಗೆಲುವನ್ನು ಕೊಂಡಾಡಿದ್ದು ಸಾಕಷ್ಟಾಗಿದೆ. ಹೋರಾಟದ ದಾರಿ ಎಷ್ಟು ದೂರ ಸಾಗಿತು, ಎಲ್ಲಿ ನಿಂತಿತು ಎಂಬುದನ್ನು ಈಗ ನೋಡಬೇಕು.

ಈ ಹೋರಾಟದ ದೊಡ್ಡ ಬಲ ದಾಖಲೆ. ಘೋಷಣೆಗಿಂತ ಹೆಚ್ಚಾಗಿ ಗುತ್ತಿಗೆಯ ನಕ್ಷೆ, ಅರಣ್ಯದ ಗಡಿ, ಅದಿರು ಸಾಗಣೆಯ ಪರ್ಮಿಟ್‌ಗಳನ್ನು ಅದು ನೆಚ್ಚಿಕೊಂಡಿತು. 2011ರ ಜುಲೈ 27ರಂದು ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಸಲ್ಲಿಸಿದ ವರದಿ, ರಾಜ್ಯದ ಬೊಕ್ಕಸಕ್ಕೆ 16,085 ಕೋಟಿ ರೂಪಾಯಿ ನಷ್ಟವಾಗಿದೆ ಎಂದು ಅಂದಾಜಿಸಿತು. ಎರಡೇ ದಿನಗಳಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. ಆಮೇಲೆ ಗಣಿಗಳ ಗಡಿಯನ್ನು ಅಳೆದು, ತಪ್ಪಿನ ಪ್ರಮಾಣ ನೋಡಿ ಎ, ಬಿ, ಸಿ ಎಂದು ವಿಂಗಡಿಸಲಾಯಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ, ತಪ್ಪು ಹೆಚ್ಚಿದ್ದ ಸಿ ವರ್ಗದ ಗುತ್ತಿಗೆಗಳು ರದ್ದಾದವು. ನಾಗರಿಕರು ಶ್ರದ್ಧೆಯಿಂದ ಕೂಡಿಸಿದ ಕಾಗದಪತ್ರಕ್ಕೆ ಹಣಬಲವನ್ನು ತಡೆಯುವ ಶಕ್ತಿಯಿದೆ ಎಂದು ಈ ತೀರ್ಪು ತೋರಿಸಿಕೊಟ್ಟಿತು.

ಆದರೆ ಉತ್ತರ ಬಂದದ್ದು ದೆಹಲಿಯಿಂದ. ಅದಿರಿನ ಲಾರಿಗಳು ಹಾದುಹೋದದ್ದು ಸ್ಥಳೀಯ ಕಚೇರಿಗಳ ಕಣ್ಣೆದುರಿಗೇ. ಕೆಂಧೂಳು ಕುಡಿದ ಊರುಗಳ ಗ್ರಾಮಸಭೆಗಳು ಈ ಹೋರಾಟದ ವೇದಿಕೆಯಾಗಲಿಲ್ಲ. ಗಣಿ ನಿಂತಾಗ ಕೆಲಸ ಕಳೆದುಕೊಂಡ ಕೂಲಿಗಾರರಿಗೂ ಲಾರಿ ಚಾಲಕರಿಗೂ ತಮ್ಮ ಮಾತು ಹೇಳಲು ಜಾಗ ಇರಲಿಲ್ಲ. ನ್ಯಾಯಾಲಯವನ್ನೇ ನಂಬಿದ ಹೋರಾಟಕ್ಕೆ ಇದು ಸಣ್ಣ ಕೊರತೆಯಲ್ಲ.

ಗಣಿಯ ವಿಷಯ ಬಿಟ್ಟು ಪಕ್ಕದ ಹಂಪಿಯತ್ತ ನೋಡಿದರೆ, ಜನರ ಮಾತಿಗೆ ಜಾಗವಿಲ್ಲದ ಈ ಕೊರತೆ ಇನ್ನೂ ಸ್ಪಷ್ಟವಾಗುತ್ತದೆ. ಅದೇ 2011ರ ಜುಲೈ ತಿಂಗಳಲ್ಲಿ, ವಿರೂಪಾಕ್ಷ ದೇವಾಲಯದೆದುರಿನ ಬಜಾರಿನ ಸಾಲುಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದ ಕುಟುಂಬಗಳನ್ನು ಜೆಸಿಬಿ ತಂದು ಎಬ್ಬಿಸಲಾಯಿತು. ಸ್ಮಾರಕದ ರಕ್ಷಣೆ ಆಗಲೇಬೇಕು. ಆದರೆ ಯೋಜನೆಯನ್ನು ನಿವಾಸಿಗಳ ಮುಂದೆ ಬಿಚ್ಚಿಟ್ಟು, ಅವರ ಒಪ್ಪಿಗೆ, ಆಕ್ಷೇಪ, ಪುನರ್ವಸತಿಗಳನ್ನು ಮೊದಲೇ ಇತ್ಯರ್ಥ ಮಾಡುವ ಪಾರದರ್ಶಕತೆ ಅಲ್ಲಿ ಕಾಣಲಿಲ್ಲ. ಕಾನೂನು ಪಾಲನೆಯಾದ ಮಾತ್ರಕ್ಕೆ ಆಡಳಿತ ಜನರಿಗೆ ಉತ್ತರ ಕೊಟ್ಟಂತಾಗುವುದಿಲ್ಲ.

ಗಣಿಯ ವಿಷಯಕ್ಕೆ ಮರಳಿದರೆ, ಇವತ್ತಿನ ಪ್ರಶ್ನೆ ಹಣದ್ದು. ಗಣಿಬಾಧಿತ ಪ್ರದೇಶಗಳ ಪುನಶ್ಚೇತನಕ್ಕೆ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆ ಸಿದ್ಧವಾಗಿದೆ. 2022ರಲ್ಲಿ ಸುಪ್ರೀಂ ಕೋರ್ಟ್ ಅದರ ಮೇಲ್ವಿಚಾರಣೆಯನ್ನು ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರಿಗೆ ವಹಿಸಿತು. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದರಿಂದ ಬೇರೆಯದು. ಈ ಎರಡೂ ಬಗೆಯ ಹಣದಲ್ಲಿ ಸಂಡೂರಿನ ಯಾವ ಹಳ್ಳಿಗೆ ಕುಡಿಯುವ ನೀರು ಬಂತು, ಹೊಸಪೇಟೆ ತಾಲ್ಲೂಕಿನ ಯಾವ ಆಸ್ಪತ್ರೆ ಸುಧಾರಿಸಿತು, ಗಣಿಯಿಲ್ಲದ ಕಂಪ್ಲಿಗೆ ಪಾಲು ಬಂದಿದ್ದರೆ ಯಾವ ಆಧಾರದ ಮೇಲೆ ಬಂತು? ಇವನ್ನು ಊರಿನಲ್ಲೇ ಕೇಳಬೇಕು. ಪಂಚಾಯಿತಿಯ ವರ್ಷದ ಖರ್ಚು, ಕಾಮಗಾರಿಗಳನ್ನು ಜನರೆದುರು ಪರಿಶೀಲಿಸುವ ಜಮಾಬಂದಿ ನಮ್ಮಲ್ಲಿದೆ. ಉದ್ಯೋಗ ಖಾತ್ರಿಗೆ ಸಾಮಾಜಿಕ ಪರಿಶೋಧನೆಯ ರೂಢಿಯಿದೆ. ಗಣಿ ನಿಧಿಯ ಕಾಮಗಾರಿಗಳೂ ಹಾಗೆಯೇ ಊರ ಸಭೆಯ ಮುಂದೆ ಬರಬೇಕು.

ಒಟ್ಟಿನಲ್ಲಿ, ಕಳ್ಳತನ ತಡೆಯುವುದರಲ್ಲಿ ಈ ಜನಕೂಟಗಳು ದೊಡ್ಡ ಯಶಸ್ಸು ಕಂಡವು. ದಿನನಿತ್ಯದ ಆಡಳಿತವನ್ನು ಜನರ ಕಣ್ಗಾವಲಿಗೆ ತರುವುದರಲ್ಲಿ ಅರ್ಧದಾರಿಯಲ್ಲೇ ಉಳಿದವು. ಉಳಿದರ್ಧಕ್ಕೆ ಇನ್ನೊಬ್ಬ ಹಿರೇಮಠರನ್ನು ಕಾಯಬೇಕಿಲ್ಲ. ಮುಂದಿನ ಗ್ರಾಮಸಭೆಗೆ ಹೋಗಿ, ಗಣಿ ನಿಧಿಯ ಕಾಮಗಾರಿ ಪಟ್ಟಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ.